ತಿಪ್ಪೆಯಿಂದ ಶಾಸನದವರೆಗೆ

2016ನೆಯ ಇಸವಿಯ ಮಾರ್ಚ್ 18ರಂದು ಭಾರತ ಸರ್ಕಾರವು ಪ್ರಕಟಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಅದಕ್ಕೆ ಹಿಂದಿನ ನಿಯಮಗಳೆಲ್ಲವೂ ಪಟ್ಟಣಗಳ ಎಲ್ಲೆಗಲ್ಲಿನ ಬಳಿ ಬಂದು ನಿಂತಿದ್ದ ಸ್ಥಳವನ್ನು ದಾಟಿ, ಗ್ರಾಮ ಪಂಚಾಯತಿಗಳನ್ನೂ ತಮ್ಮ ಅಧೀನಕ್ಕೆ ತೆಗೆದುಕೊಂಡವು. ಅಂದಿನಿಂದ ಯಲ್ಲಾಪುರ ತಾಲ್ಲೂಕಿನ ಉಮ್ಮಚಗಿಯಂತಹ ಊರು, ಅಂದರೆ ಅಡಿಕೆ ತೋಟಗಳ ನಡುವೆ ದೂರದೂರಕ್ಕೆ ಚದುರಿದ ಮನೆಗಳೂ, ರಸ್ತೆಯಂಚಿನ ನಾಲ್ಕಾರು ಅಂಗಡಿಗಳೂ, ಒಂದು ಸಂಸ್ಕೃತ ಪಾಠಶಾಲೆಯೂ ಇರುವ ಘಟ್ಟದ ಮೇಲಿನ ಊರು, ಪ್ಲಾಸ್ಟಿಕ್ಕಿನ ಮಟ್ಟಿಗೆ ಬೆಂಗಳೂರು ಮಹಾನಗರಕ್ಕಿರುವ ಕರ್ತವ್ಯಕ್ಕೇ ಬದ್ಧವಾಯಿತು: ಮನೆಯವರು ಅದನ್ನು ಇತರ ಕಸದಿಂದ ಬೇರ್ಪಡಿಸಿ ಕೊಡತಕ್ಕದ್ದು, ಪಂಚಾಯತಿಯು ಅದನ್ನು ಸಂಗ್ರಹಿಸಿ ಮರುಬಳಕೆ ಮಾಡುವವರ ಕೈಗೆ ಮುಟ್ಟಿಸತಕ್ಕದ್ದು. ಈ ಶಾಸನವು ಹೀಗೆ ನಮ್ಮ ಅಂಗಳದವರೆಗೆ ಬಂದುದರ ಹಿಂದೆ ದೀರ್ಘವಾದ ಇತಿಹಾಸವೊಂದಿದೆ; ಅದನ್ನು ಅರಿಯದೆ ನಿಯಮಗಳನ್ನಷ್ಟೇ ಓದಿದವರಿಗೆ, ಅವುಗಳಲ್ಲಿ ಯಾವುದು ನ್ಯಾಯ, ಯಾವುದು ಅಪೂರ್ಣ ಎಂಬ ವಿವೇಕವು ಮೂಡುವುದು ಕಷ್ಟ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ವಸ್ತುವಿನ ಪುನರುಪಯೋಗವೆಂಬುದು ಸರ್ಕಾರದ ಕಾಗದಕ್ಕೆ ಏರುವ ಬಹುಕಾಲ ಮೊದಲೇ ಒಕ್ಕಲುತನದ ಪ್ರಾಣವಾಗಿದ್ದಿತು. ಬೆಟ್ಟದಿಂದ ತಂದ ಸೊಪ್ಪೂ ದರಕೆಂಬ ಒಣಗಿದೆಲೆಯೂ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸಗಣಿ ಗಂಜಲಗಳನ್ನು ಹೀರಿ, ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಮಾಗಿ, ಕಟ್ಟಕಡೆಗೆ ಅಡಿಕೆ ಮರದ ಬುಡವನ್ನು ಸೇರುತ್ತಿದ್ದವು. ಆ ಮರದಿಂದ ಉದುರಿದ ಹಾಳೆಯು ಊಟದ ತಟ್ಟೆಯಾಗಿಯೂ ತಲೆಯ ಮೇಲಣ ಟೊಪ್ಪಿಗೆಯಾಗಿಯೂ ದುಡಿದು, ಸೋಗೆಯು ಮಳೆಗಾಲದಲ್ಲಿ ಮಾಡಿಗೆ ಹೊದಿಕೆಯಾಗಿ ನಿಂತು, ಹಳತಾದ ಮೇಲೆ ಪುನಃ ಗುಂಡಿಗೇ ಮರಳುತ್ತಿದ್ದಿತು. ಅಕ್ಕಿ ತೊಳೆದ ಅಕ್ಕಚ್ಚು ಎಮ್ಮೆಯ ಬಾನಿಗೆ, ಬಚ್ಚಲೊಲೆಯ ಬೂದಿ ಪಾತ್ರೆಗಳನ್ನು ಬೆಳಗಿ ಉಳಿದದ್ದು ತರಕಾರಿ ಪಾತಿಗೆ, ಒಡೆದ ಕಂಚಿನ ತಪ್ಪಲೆ ತೂಕದ ಲೆಕ್ಕದಲ್ಲಿ ಕಂಚುಗಾರನ ಮೂಸೆಗೆ. ಇದರಲ್ಲಿ ವಿಶೇಷ ವ್ರತನಿಷ್ಠೆಯೇನೂ ಇರಲಿಲ್ಲ. ಅಡಿಕೆಯೆಂಬ ಬೆಳೆಯು ಗೊಬ್ಬರವನ್ನು ಬೇಡುತ್ತಿದ್ದಿತು, ಗೊಬ್ಬರವು ಈ ಎಲ್ಲ ವಸ್ತುಗಳನ್ನೂ ಬೇಡುತ್ತಿದ್ದಿತು.

ಆಶ್ಚರ್ಯವೆಂದರೆ, ಈ ನಾಡಿನಲ್ಲಿ ಇಂತಹ ವಸ್ತುಗಳನ್ನು ಕುರಿತು ಸರ್ಕಾರವು ಮಾಡಿದ ಮೊದಲ ಕಟ್ಟುಪಾಡೂ ಗೊಬ್ಬರಕ್ಕೇ ಸಂಬಂಧಿಸಿದುದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ತರುವಾಯ, ಅರಣ್ಯವನ್ನೆಲ್ಲ ಸರ್ಕಾರದ ಸ್ವತ್ತೆಂದು ಭಾವಿಸಿ ಗಡಿ ಹಾಕತೊಡಗಿದ ಅಧಿಕಾರಿಗಳಿಗೆ, ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ ಎಂಬ ಸತ್ಯವು ಬೇಗನೆ ಮನವರಿಕೆಯಾಯಿತು. ಆದಕಾರಣ ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ರೂಢಿಗೆ ಬಂದಿತು. ಬೆಟ್ಟವು ತೋಟಿಗನ ಸ್ವತ್ತಲ್ಲ. ಅದರ ಸೊಪ್ಪು ದರಕುಗಳನ್ನು ತೋಟದ ನಿಮಿತ್ತವಾಗಿ ಬಳಸಿಕೊಳ್ಳುವ ಸವಲತ್ತು ಮಾತ್ರ ಅವನದು. ಅರಣ್ಯದ ಕಟ್ಟುಪಾಡುಗಳು ರೈತನನ್ನು ಎಷ್ಟು ನೋಯಿಸಿದವೆಂಬುದಕ್ಕೆ 1930ರಲ್ಲಿ ಈ ಜಿಲ್ಲೆಯಲ್ಲಿ ನಡೆದ ಜಂಗಲ್ ಸತ್ಯಾಗ್ರಹವೇ ಸಾಕ್ಷಿ. ಆದರೆ ಸೊಪ್ಪಿನ ಬೆಟ್ಟದ ವ್ಯವಸ್ಥೆಯಲ್ಲಿ ಒಂದು ತಿಳಿವಳಿಕೆ ಅಡಗಿದ್ದುದನ್ನು ಅಲ್ಲಗಳೆಯಲಾಗದು: ನೆಲದಿಂದ ಎದ್ದು ಬಂದುದು ನೆಲಕ್ಕೆ ಮರಳುವ ದಾರಿಯನ್ನು ಅದು ಲೆಕ್ಕ ಹಾಕಿ ಕಾಯ್ದಿರಿಸಿತ್ತು.

ಇದೇ ಯಲ್ಲಾಪುರ ಸೀಮೆಯ ಸಿದ್ದಿ ಸಮುದಾಯದ ಹೆಂಗಸರ ಕೈಕಸುಬನ್ನು ಇಲ್ಲಿ ಸ್ಮರಿಸದೆ ಮುಂದುವರಿಯಲಾರೆ. ಹರಿದ ಸೀರೆ, ಸವೆದ ಅಂಗಿ, ಮಕ್ಕಳಿಗೆ ಗಿಡ್ಡವಾದ ಲಂಗ, ಇವುಗಳ ತುಂಡುಗಳನ್ನು ಹಳೆಯ ಸೀರೆಯೊಂದರ ಮೇಲೆ ಅಂಚಿನಿಂದ ಜೋಡಿಸುತ್ತ, ಸುತ್ತುಸುತ್ತಾಗಿ ಒಳಗೆ ಹೊಲಿಯುತ್ತ ಬಂದು, ನಟ್ಟನಡುವೆ ಮುಗಿಸುವ ಆ ಕೌದಿಯ ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ‘ಫುಲ’ವಿರಲೇಬೇಕು, ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಮೂಸೆಗೆ ಹೋಗಬಲ್ಲ ಲೋಹವೂ ಗುಂಡಿಗೆ ಹೋಗಬಲ್ಲ ಸೊಪ್ಪೂ ಹೇಗೋ ಹಾಗೆಯೇ ಬಟ್ಟೆಗೂ ಈ ಸೀಮೆಯಲ್ಲಿ ತನ್ನದೇ ಆದ ಎರಡನೆಯ ಜನ್ಮವಿದ್ದಿತು.

ಹಳ್ಳಿಯ ಸ್ಥಿತಿಯು ಇಂತಿರಲಾಗಿ, ಕಸವನ್ನು ಕುರಿತ ಶಾಸನಗಳೆಲ್ಲ ಪಟ್ಟಣಗಳಲ್ಲಿ ಹುಟ್ಟಿದುದು ಸಹಜವೇ. ಕೌಟಿಲ್ಯನ ಅರ್ಥಶಾಸ್ತ್ರವು ಬೀದಿಯಲ್ಲಿ ಧೂಳು ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರುನೀರನ್ನು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣವನ್ನೂ ದಂಡವಾಗಿ ವಿಧಿಸಿ, ರಾಜಮಾರ್ಗವಾದರೆ ಅದನ್ನು ಇಮ್ಮಡಿಗೊಳಿಸುತ್ತದೆ. 1898ರ ಪ್ಲೇಗು ಬೆಂಗಳೂರನ್ನು ನಡುಗಿಸಿದಾಗ ಹೊಸ ಬಡಾವಣೆಗಳೂ ನೈರ್ಮಲ್ಯದ ಏರ್ಪಾಡುಗಳೂ ಹುಟ್ಟಿಕೊಂಡವು. ಆದರೆ ಪ್ರಾಚೀನವಾಗಲಿ ಆಧುನಿಕವಾಗಲಿ, ಈ ವಿಧಿಗಳೆಲ್ಲವೂ ಕಸವನ್ನು ಕಣ್ಣಿನ ಮುಂದಿನಿಂದ ತೊಲಗಿಸುವ ವಿಧಿಗಳೇ ಹೊರತು, ಅದರೊಳಗೆ ಏನಿದೆ, ಯಾವುದು ಎಲ್ಲಿಗೆ ಮರಳಬೇಕು ಎಂದು ಪ್ರಶ್ನಿಸುವ ವಿಧಿಗಳಲ್ಲ.

ಆ ಪ್ರಶ್ನೆಯನ್ನು ಮೊದಲು ಎತ್ತಿದವರು ಕಾಯಿದೆ ಪಂಡಿತರಲ್ಲ, ಕೃಷಿ ವಿಜ್ಞಾನಿಗಳು. 1924ರ ತರುವಾಯ ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡನು ರೈತರ ಗೊಬ್ಬರಗುಂಡಿಯನ್ನು ಗುರುವಾಗಿ ಸ್ವೀಕರಿಸಿ, ಸಸ್ಯದ ಉಳಿಕೆ, ಸಗಣಿ, ಬೂದಿಗಳನ್ನು ಪದರ ಪದರವಾಗಿ ಹಾಕಿ, ಕಾಲಕಾಲಕ್ಕೆ ತಿರುವಿ ಗೊಬ್ಬರ ಮಾಡುವ ಕ್ರಮವೊಂದನ್ನು ರೂಪಿಸಿದನು. ಯಶವಂತ ವಾಡ್ ಅವರೊಡನೆ ಅವನು ಬರೆದ ಗ್ರಂಥವು 1931ರಲ್ಲಿ ಹೊರಬಂದಿತು. ಆದರೆ ಪದೇ ಪದೇ ತಿರುವುವ ಶ್ರಮವು ಪಟ್ಟಣದ ಪೌರಸಂಸ್ಥೆಗಳಿಗೆ ಹೊಂದುವಂತಹುದಾಗಿರಲಿಲ್ಲ. ಈ ತೊಡಕನ್ನು ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ಎನ್. ಆಚಾರ್ಯರು. 1939ರಲ್ಲಿ ಅವರು ನಿರೂಪಿಸಿದ ಕ್ರಮವು ಇಂದಿಗೂ ಜಗತ್ತಿನ ಕೃಷಿ ಗ್ರಂಥಗಳಲ್ಲಿ ‘ಬೆಂಗಳೂರು ವಿಧಾನ’ವೆಂದೇ ಪ್ರಸಿದ್ಧವಾಗಿದೆ. ಸುಮಾರು ಮೂರಡಿ ಆಳದ ಕಂದಕದಲ್ಲಿ ಪಟ್ಟಣದ ಕಸದ ಒಂದು ದಪ್ಪ ಪದರ, ಅದರ ಮೇಲೆ ಮಲದ ಒಂದು ತೆಳು ಪದರ, ಹೀಗೆ ಒಂದರ ಮೇಲೊಂದು ತುಂಬುತ್ತ ಬಂದು, ಮೇಲೆ ಕೆಸರಿನಿಂದ ಮೆತ್ತಿ ಮುಚ್ಚಿಬಿಟ್ಟರೆ, ತಿರುವುವ ಗೊಡವೆಯಿಲ್ಲದೆ, ನೊಣವೂ ದುರ್ಗಂಧವೂ ಇಲ್ಲದೆ, ಆರರಿಂದ ಎಂಟು ತಿಂಗಳಲ್ಲಿ ಹೊಲಕ್ಕೆ ಯೋಗ್ಯವಾದ ಗೊಬ್ಬರವು ಸಿದ್ಧವಾಗುತ್ತಿತ್ತು. ಯುದ್ಧಕಾಲದ ಅನ್ನದ ಅಭಾವವು ‘ಹೆಚ್ಚು ಬೆಳೆಯಿರಿ’ ಎಂಬ ಕರೆಯನ್ನು ಹುಟ್ಟಿಸಿದಾಗ ಪಟ್ಟಣದ ಕಸವನ್ನು ಹೊಲಕ್ಕೆ ಮರಳಿಸುವ ಈ ವಿದ್ಯೆಯು ದೇಶದ ಗಮನವನ್ನು ಸೆಳೆಯಿತು.

ಈ ವಿಧಾನದ ಶ್ರೇಯಸ್ಸನ್ನು ಹೇಳುವಾಗ ಅದರ ಕೆಳಗೆ ಹೂತಿದ್ದ ಅನ್ಯಾಯವನ್ನು ಮುಚ್ಚಿಡುವುದು ಧರ್ಮವಲ್ಲ. ಆ ಕಂದಕಕ್ಕೆ ಮಲವನ್ನು ತಲೆಯ ಮೇಲೆ ಹೊತ್ತು ತಂದವರು ಯಾರೆಂಬುದು ನಮಗೆಲ್ಲ ಗೊತ್ತು. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಗೆ ನಿಷೇಧ ಹಾಕಿದುದು, ಪೌರಾಡಳಿತದ ಇತಿಹಾಸದಲ್ಲಿ ಯಾವ ಗೊಬ್ಬರದ ಯೋಜನೆಗಿಂತಲೂ ದೊಡ್ಡದಾದ ಸಂಗತಿ. ಕಸದ ಶಾಸನವೊಂದನ್ನು ತೂಗಿ ನೋಡುವಾಗ, ಕೊನೆಗೆ ಕಸವನ್ನು ಕೈಯಲ್ಲಿ ಮುಟ್ಟುವವರು ಯಾರು ಎಂಬುದನ್ನು ಮೊದಲು ಕೇಳಬೇಕೆಂಬ ಪಾಠವನ್ನು ಅದು ನಮಗೆ ಬಿಟ್ಟುಹೋಗಿದೆ.

1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಸ್ಥಾಪಿತವಾಗಿ, ಬೆಂಗಳೂರಿನ ಕಸದಿಂದ ಗೊಬ್ಬರ ತಯಾರಿಸುವ ಕಾರ್ಯವನ್ನು ಕೈಗೊಂಡಿತು. ಅಷ್ಟರಲ್ಲಿ ಕಸದ ಸ್ವಭಾವವೇ ಬದಲಾಗತೊಡಗಿದ್ದಿತು. ಆಚಾರ್ಯರ ಕಂದಕಕ್ಕೆ ಬಿದ್ದುದು ಎಲೆ, ಸಿಪ್ಪೆ, ಬೂದಿ, ಧೂಳು. ಮುಂದಿನ ದಶಕಗಳಲ್ಲಿ ಅದೇ ಗಾಡಿಗೆ ಬಿದ್ದುದು ಹಾಲಿನ ಪ್ಯಾಕೆಟ್ಟು, ತೆಳು ಚೀಲ, ಒಡೆದ ಬಲ್ಬು, ತೀರಿದ ಬ್ಯಾಟರಿ ಸೆಲ್ಲು. ಇವೆಲ್ಲವೂ ಅನ್ನದ ಉಳಿಕೆಯೊಡನೆ ಒಮ್ಮೆ ಕಲಸಿಹೋದವೆಂದರೆ, ಅನ್ನವು ಗೊಬ್ಬರವಾಗುವ ಯೋಗ್ಯತೆಯನ್ನೂ ಪ್ಲಾಸ್ಟಿಕ್ಕು ಮತ್ತೆ ಕರಗುವ ಯೋಗ್ಯತೆಯನ್ನೂ ಕಳೆದುಕೊಳ್ಳುತ್ತವೆ. ಕಲಸಿದ ಮೇಲೆ ಬೇರ್ಪಡಿಸುವುದಕ್ಕೆ ಎಷ್ಟೇ ದೊಡ್ಡ ಯಂತ್ರವನ್ನು ತಂದರೂ, ಕಲಸುವುದಕ್ಕೆ ಮುನ್ನ ಮನೆಯ ಹೆಂಗಸೊಬ್ಬಳು ಎರಡು ಬುಟ್ಟಿಗಳಿಂದ ಮಾಡಬಲ್ಲ ಕೆಲಸವನ್ನು ಅದು ಮಾಡಲಾರದು.

ಈ ತಥ್ಯವನ್ನು ಶಾಸನಕ್ಕೆ ತಂದ ಮೊದಲಿಗರಲ್ಲಿ ಒಬ್ಬನಾಗಿ ಪ್ಯಾರಿಸಿನ ಆಡಳಿತಾಧಿಕಾರಿ ಯೂಜೀನ್ ಪೂಬೆಲ್‌ನನ್ನು ಹೆಸರಿಸಬೇಕು. 1883ರ ನವೆಂಬರ್ 24ರ ಅವನ ಆಜ್ಞೆಯು, ಕೊಳೆಯುವುದಕ್ಕೊಂದು, ಕಾಗದ ಬಟ್ಟೆಗಳಿಗೊಂದು, ಗಾಜು ಪಿಂಗಾಣಿ ಮತ್ತು ಸಿಂಪಿಯ ಚಿಪ್ಪುಗಳಿಗೊಂದು ಎಂಬುದಾಗಿ ಮೂರು ಪಾತ್ರೆಗಳನ್ನು ಪ್ರತಿಯೊಂದು ಕಟ್ಟಡದಲ್ಲಿಯೂ ಇಡಬೇಕೆಂದು ವಿಧಿಸಿತು. ಮನೆಮಾಲಿಕರು ಖರ್ಚಿಗಾಗಿ ಗೊಣಗಿದರು. ಬೀದಿಯ ಕಸದಲ್ಲಿ ಚಿಂದಿ ಆಯ್ದು ಬದುಕುತ್ತಿದ್ದ ಸಾವಿರಾರು ಜನರು ತಮ್ಮ ಅನ್ನವು ಹೋಯಿತೆಂದು ದಂಗೆಯೆದ್ದರು. ಪಾತ್ರೆಗಳೇನೋ ಉಳಿದವು, ವಿಂಗಡಣೆಯು ಬಹುಮಟ್ಟಿಗೆ ಅಳಿದುಹೋಯಿತು. ನೂರಿಪ್ಪತ್ತೊಂಬತ್ತು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ಅದೇ ಪ್ರಶ್ನೆಗಳು ಮರಳಿ ಎದ್ದವು; ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಚಿಂದಿ ಆಯುವವರು ವಿಂಗಡಣೆಯ ಪಕ್ಷದಲ್ಲಿ ನಿಂತಿದ್ದರು. ಆ ವೃತ್ತಾಂತಕ್ಕೆ ಬರುವ ಮೊದಲು ಒಬ್ಬ ಮಹಿಳೆಯ ಹೋರಾಟವನ್ನು ಹೇಳಬೇಕು.

ಅಲ್ಮಿತ್ರಾ ಪಟೇಲ್ ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ 1959ರಲ್ಲಿ ಹೊರಬಂದ ಎಂಜಿನಿಯರು. ಬೆಂಗಳೂರಿನ ಹೊರವಲಯದ ಕೊತ್ತನೂರಿನಲ್ಲಿ ನೆಲೆಸಿದ್ದ ಅವರ ಸುತ್ತಣ ಬಯಲಿಗೆ ನಗರದ ಲಾರಿಗಳು ಕಸವನ್ನು ತಂದು ಸುರಿಯತೊಡಗಿದಾಗ, ಮಳೆಗಾಲದ ಕಪ್ಪೆಗಳ ಕೂಗು ಅಡಗಿಹೋದುದನ್ನು ಅವರು ಕಂಡರು. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಭೀತಿಯು ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟೋಡಿದ ಕಾಲದಲ್ಲಿ, ಚೆನ್ನೈಯ ಎಕ್ಸ್‌ನೋರಾ ಸಂಸ್ಥೆಯ ಕ್ಯಾಪ್ಟನ್ ವೇಲು ಅವರೊಡನೆ ದೇಶದ ಹಲವು ನಗರಗಳನ್ನು ಸಂಚರಿಸಿ, ಪ್ರತಿಯೊಂದು ಊರೂ ತನ್ನ ಕಸವನ್ನು ನೆರೆಯ ಹಳ್ಳಿಯ ಅಂಚಿಗೆ ಸುರಿದು ಕೈತೊಳೆದುಕೊಳ್ಳುತ್ತಿರುವುದನ್ನು ಅವರು ಸ್ವತಃ ನೋಡಿದರು. 1996ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಫಲವಾಗಿ, ಕಲ್ಕತ್ತೆಯ ಪಾಲಿಕೆಯ ಆಯುಕ್ತರಾಗಿದ್ದ ಅಸೀಮ್ ಬರ್ಮನ್‌ರ ಅಧ್ಯಕ್ಷತೆಯಲ್ಲಿ 1998ರಲ್ಲಿ ಸಮಿತಿಯೊಂದು ನೇಮಕವಾಗಿ, ಮರುವರ್ಷ ವರದಿ ಕೊಟ್ಟು, 2000ನೆಯ ಇಸವಿಯ ಸೆಪ್ಟೆಂಬರ್ 25ರಂದು ಪೌರ ಘನತ್ಯಾಜ್ಯ ನಿಯಮಗಳು ಜಾರಿಗೆ ಬಂದವು. ದೇಶದ ಎಲ್ಲ ಪಟ್ಟಣಗಳಿಗೂ ಅನ್ವಯಿಸುವ ಇಂತಹ ನಿಯಮಾವಳಿ ಅದಕ್ಕೆ ಹಿಂದೆ ಇರಲೇ ಇಲ್ಲ. ಒಬ್ಬ ಮಹಿಳೆಯ ಅಂಗಳದ ಕಪ್ಪೆಗಳ ಮೌನದಿಂದ ಒಂದು ರಾಷ್ಟ್ರದ ಶಾಸನವು ಹುಟ್ಟಿತೆಂದರೆ ಉತ್ಪ್ರೇಕ್ಷೆಯಾಗದು.

ಆ ನಿಯಮಗಳಲ್ಲಿ ಒಂದು ಮೂಲಭೂತವಾದ ದೌರ್ಬಲ್ಯವಿದ್ದಿತು. ಹೊಣೆಯೆಲ್ಲವನ್ನೂ ಅವು ಪೌರಸಂಸ್ಥೆಯ ಹೆಗಲಿಗೆ ಹೊರಿಸಿ, ವಿಂಗಡಣೆಯ ವಿಷಯದಲ್ಲಿ ನಾಗರಿಕರಿಗೆ ತಿಳಿವಳಿಕೆ ಕೊಟ್ಟು ಉತ್ತೇಜಿಸಬೇಕೆಂದು ಪೌರಸಂಸ್ಥೆಗೇ ಹೇಳಿದುವೇ ವಿನಾ, ಕಸವನ್ನು ಹುಟ್ಟಿಸುವ ಮನೆಯನ್ನಾಗಲಿ ಅಂಗಡಿಯನ್ನಾಗಲಿ ಹೋಟೆಲನ್ನಾಗಲಿ ನೇರವಾಗಿ ಕಟ್ಟಿಹಾಕಲಿಲ್ಲ. 2003ರ ಡಿಸೆಂಬರ್ 31ರ ಒಳಗೆ ಸಂಸ್ಕರಣ ಘಟಕಗಳನ್ನು ಕಟ್ಟಬೇಕೆಂಬ ಗಡುವು ಬಂದು ಹೋಯಿತು. ಕಸವು ಮೊದಲಿನಂತೆಯೇ ಕಲಸಿಕೊಂಡು, ಮೊದಲಿನಂತೆಯೇ ಹಳ್ಳಿಗಳ ಕಡೆಗೆ ಹೊರಟಿತು.

ಹಾಗೆ ಹೊರಟ ಕಸವು ಬೆಂಗಳೂರಿನ ಉತ್ತರಕ್ಕೆ ಮಾವಳ್ಳಿಪುರದಲ್ಲಿಯೂ ಪೂರ್ವಕ್ಕೆ ಮಂಡೂರಿನಲ್ಲಿಯೂ ಬೆಟ್ಟವಾಗಿ ಬೆಳೆಯಿತು. ಬಾವಿಯ ನೀರು ಕೆಟ್ಟಿತು, ನೊಣಗಳು ಅನ್ನದ ತಟ್ಟೆಗೆ ಮುತ್ತಿದವು, ಜನರು ರೋಗದಿಂದ ನರಳಿದರು. ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ಹಳ್ಳಿಗರು ಕಡೆಗೆ ರಸ್ತೆಗೆ ಅಡ್ಡ ನಿಂತರು. 2012ರ ಜುಲೈಯಲ್ಲಿ ಮಾವಳ್ಳಿಪುರಕ್ಕೆ ಕಸದ ಲಾರಿಗಳ ಸಂಚಾರವು ನಿಂತಿತು. ತರುವಾಯ ಮಂಡೂರೂ ಪ್ರತಿಭಟಿಸಿತು. ಉದ್ಯಾನ ನಗರಿಯೆಂದು ಬೀಗುತ್ತಿದ್ದ ಊರಿನ ಬೀದಿ ಬೀದಿಗಳಲ್ಲಿ ಕಸವು ಕೊಳೆತು ನಾರಿ, ಆ ಸುದ್ದಿಯು ಸಾಗರಗಳಾಚೆಯ ಪತ್ರಿಕೆಗಳಲ್ಲಿ ಅಚ್ಚಾಯಿತು. ನಮ್ಮ ನಾಡಿನ ಕಸದ ಶಾಸನಕ್ಕೆ ನಿಜವಾದ ಬಲವನ್ನು ತಂದವರು ಯಾರೆಂದು ಕೇಳಿದರೆ, ನಾನು ವಿಧಾನಸಭೆಯನ್ನೂ ತೋರಿಸುವುದಿಲ್ಲ, ಪಾಲಿಕೆಯನ್ನೂ ತೋರಿಸುವುದಿಲ್ಲ; ಮಂಡೂರು ಮಾವಳ್ಳಿಪುರಗಳ ಒಕ್ಕಲುಮಕ್ಕಳನ್ನು ತೋರಿಸುತ್ತೇನೆ. ತಮ್ಮ ಊರಿನ ಹಾದಿಯನ್ನು ಅವರು ಮುಚ್ಚದೆ ಇದ್ದಿದ್ದರೆ ನಗರದ ಮನೆಯೊಳಗಿನ ಒಂದು ಬುಟ್ಟಿಯು ಎರಡಾಗುವ ಅಗತ್ಯವೇ ಬೀಳುತ್ತಿರಲಿಲ್ಲ.

2012ರ ಅಕ್ಟೋಬರ್ 1ರಿಂದ ಬೆಂಗಳೂರಿನಲ್ಲಿ ಮೂಲದಲ್ಲಿಯೇ ಕಸವನ್ನು ವಿಂಗಡಿಸುವುದು ಕಡ್ಡಾಯವೆಂದು ಸಾರಲಾಯಿತು. ರಾಜ್ಯದ ಹೈಕೋರ್ಟು ಈ ವಿಷಯವನ್ನು ಕೈಗೆತ್ತಿಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಪ್ರತಿಯೊಂದು ವಾರ್ಡಿನಲ್ಲಿಯೂ ಒಣ ಕಸದ ಸಂಗ್ರಹ ಕೇಂದ್ರವೊಂದು ಇರಬೇಕೆಂದು ಆಜ್ಞಾಪಿಸಿತು. ನ್ಯಾಯಮೂರ್ತಿ ಎನ್. ಕುಮಾರ್ ಅವರಿದ್ದ ಪೀಠವು ವರ್ಷಗಳ ಪರ್ಯಂತ ಈ ಮೊಕದ್ದಮೆಯನ್ನು ಬೆನ್ನು ಬಿಡದೆ ನಡೆಸಿ, 2015ರ ಡಿಸೆಂಬರ್ 17ರಂದು ನೀಡಿದ ಆದೇಶವು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಸ್ಥಿರಪಡಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡು, ಡೈಪರು, ಗಾಯಕ್ಕೆ ಕಟ್ಟಿದ ಬಟ್ಟೆ ಮೊದಲಾದುವಕ್ಕೆ ಕೆಂಪು ಬುಟ್ಟಿ, ಕಾಗದ, ಪ್ಲಾಸ್ಟಿಕ್ಕು, ಗಾಜು, ಲೋಹಗಳಿಗೆ ಚೀಲ. ಈ ನಡುವೆ, 2014ರ ಡಿಸೆಂಬರಿನ ಮೊದಲ ದಿನ, ಸರ್ಕಾರವು ಹಳ್ಳಿಗರಿಗೆ ಕೊಟ್ಟ ಮಾತಿನಂತೆ ಮಂಡೂರಿಗೆ ಕಸ ಸಾಗಿಸುವುದು ನಿಂತಿತ್ತು.

ಒಣ ಕಸದ ಕೇಂದ್ರಗಳೇನೋ ಆದವು. ಅವುಗಳನ್ನು ನಡೆಸಬಲ್ಲವರು ಯಾರು? ಯಾವ ಪ್ಲಾಸ್ಟಿಕ್ಕು ಕರಗುತ್ತದೆ, ಯಾವುದು ಕರಗದು, ಯಾವ ಕಾಗದಕ್ಕೆ ಗುಜರಿ ಅಂಗಡಿಯಲ್ಲಿ ಎಷ್ಟು ಬೆಲೆ ಎಂಬುದನ್ನು ಕೈ ಮುಟ್ಟಿದೊಡನೆ ಹೇಳಬಲ್ಲ ವಿದ್ಯೆಯು ನಗರದಲ್ಲಿ ಒಂದೇ ವರ್ಗದವರಲ್ಲಿ ಇದ್ದಿತು. ಮುಂಜಾವದಲ್ಲಿ ಗೋಣಿಚೀಲವನ್ನು ಹೆಗಲಿಗೇರಿಸಿ ಚಿಂದಿ ಆಯುತ್ತಿದ್ದ, ಪೊಲೀಸರು ಕಳ್ಳರೆಂದು ಗದರಿಸಿ ಓಡಿಸುತ್ತಿದ್ದ ಆ ಹೆಂಗಸರಿಗೂ ಗಂಡಸರಿಗೂ, ಲೋಕ ಅದಾಲತಿನ ನಿರ್ದೇಶನದ ಮೇಲೆ, ಪಾಲಿಕೆಯು 2011ರಲ್ಲಿ ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿತ್ತು. ‘ಹಸಿರು ದಳ’ವೆಂಬ ಸಂಸ್ಥೆಯ ಆಶ್ರಯದಲ್ಲಿ ಸಂಘಟಿತರಾಗಿ ಅವರಲ್ಲಿ ಅನೇಕರು ಮುಂದೆ ಒಣ ಕಸದ ಕೇಂದ್ರಗಳ ನಿರ್ವಾಹಕರೇ ಆದರು. ಪ್ಯಾರಿಸಿನಲ್ಲಿ ಮೂರು ಪಾತ್ರೆಗಳು ಬಡವನ ಅನ್ನವನ್ನು ಕಸಿದುಕೊಂಡವು. ಇಲ್ಲಿ, ಎಲ್ಲರಿಗೂ ಅಲ್ಲದಿದ್ದರೂ, ಕೆಲವರಿಗಾದರೂ ಅದೇ ಅನ್ನವು ಮರ್ಯಾದೆಯೊಡನೆ ದೊರೆಯಿತು. ಈ ಶಾಸನದ ಇತಿಹಾಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಸಮಾಧಾನವನ್ನು ಕೊಡುವ ಅಧ್ಯಾಯವಿದು.

2016ನೆಯ ಇಸವಿಯು ನಿಯಮಗಳ ಸುಗ್ಗಿ. ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ದಪ್ಪ ತೆಳುವೆಂಬ ಭೇದವಿಲ್ಲದೆ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸು, ಬಾವುಟ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ ಮೊದಲಾದುವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಒಂದು ವಾರದ ಮೇಲೆ ಬಂದುದು ಮೊದಲಲ್ಲಿ ಹೇಳಿದ ಪ್ಲಾಸ್ಟಿಕ್ ನಿಯಮಗಳು. ಏಪ್ರಿಲ್ 8ರಂದು ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು 2000ದ ಇಸವಿಯ ದೌರ್ಬಲ್ಯವನ್ನು ನೀಗಿಸಿ, ಕಸವನ್ನು ಹುಟ್ಟಿಸುವ ಪ್ರತಿಯೊಬ್ಬನೂ ಅದನ್ನು ಕೊಳೆಯುವುದು, ಕೊಳೆಯದುದು, ಮನೆಯ ಅಪಾಯಕರ ವಸ್ತುಗಳು ಎಂಬ ಮೂರು ಪಾಲಾಗಿ ಮಾಡಿಯೇ ಕೊಡತಕ್ಕದ್ದೆಂದು ವಿಧಿಸಿದವು. ಸುಡಕೂಡದು, ಹೂಳಕೂಡದು, ಚರಂಡಿಗೆ ಹಾಕಕೂಡದು. ಹೆಚ್ಚು ಕಸ ಹುಟ್ಟಿಸುವವರ ಕಟ್ಟುಪಾಡು ಇನ್ನೂ ಬಿಗಿಯಾಗಿತ್ತು: ದಿನಕ್ಕೆ 100 ಕಿಲೋಗ್ರಾಮಿಗೆ ಮೀರಿ ಕಸವನ್ನು ಹುಟ್ಟಿಸುವ ಸಂಸ್ಥೆಗಳೂ, ಹೋಟೆಲುಗಳೂ, 5,000 ಚದರ ಮೀಟರಿಗೆ ಮೀರಿದ ವಸತಿ ಸಮುಚ್ಚಯಗಳೂ ಮರುಬಳಕೆಯ ವಸ್ತುಗಳನ್ನು ಬೇರೆಯಾಗಿಯೇ ಒಪ್ಪಿಸಬೇಕಿತ್ತು, ಹಸಿ ಕಸವನ್ನು ಆದಷ್ಟು ಮಟ್ಟಿಗೆ ತಮ್ಮ ಆವರಣದಲ್ಲಿಯೇ ಗೊಬ್ಬರ ಅಥವಾ ಗ್ಯಾಸು ಮಾಡಿಕೊಳ್ಳಬೇಕಿತ್ತು. ಬೀದಿಯ ಗಾಡಿಯಂಗಡಿಯವನೂ ತನ್ನ ಕಸಕ್ಕೆ ಡಬ್ಬಿ ಇಟ್ಟುಕೊಳ್ಳಬೇಕಿತ್ತು. ನೂರಕ್ಕೆ ಮೀರಿದ ಜನರನ್ನು ಪರವಾನಗಿಯಿಲ್ಲದ ಸ್ಥಳದಲ್ಲಿ ಸೇರಿಸುವವನು ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಅಲ್ಲಿ ಹುಟ್ಟುವ ಕಸವನ್ನು ವಿಂಗಡಿಸಿ ಕೊಡುವ ಹೊಣೆಯನ್ನು ಹೊರಬೇಕಿತ್ತು.

ಶಿರಸಿಯ ನಗರಸಭೆಗೂ, ಯಲ್ಲಾಪುರ ಸಿದ್ದಾಪುರಗಳ ಪಟ್ಟಣ ಪಂಚಾಯತಿಗಳಿಗೂ ಈ ನಿಯಮಗಳು ಪೂರ್ಣವಾಗಿ ಅನ್ವಯಿಸಿದವು. ಹಳ್ಳಿಗೆ ನೇರವಾಗಿ ಬಂದುದು ಪ್ಲಾಸ್ಟಿಕ್ಕಿನ ಭಾಗ. ಇದನ್ನು ನಾನು ಶಾಸನಕರ್ತರ ಪ್ರಮಾದವೆಂದು ಎಣಿಸುವುದಿಲ್ಲ. ಹಸಿ ಕಸವನ್ನು ಏನು ಮಾಡಬೇಕೆಂದು ಗೊಬ್ಬರಗುಂಡಿಯಿರುವ ಮನೆಗೆ ಹೇಳಿಕೊಡಬೇಕಾದ ಅಗತ್ಯವಿರಲಿಲ್ಲ. ಬಾಳೆಯೆಲೆಯ ಮೇಲೆ ಐನೂರು ಜನ ಉಂಡೆದ್ದ ಮದುವೆಯ ಮನೆಯಲ್ಲಿ, ಎಲೆಗಳು ದನದ ಬಾಯಿಗೂ ಗುಂಡಿಗೂ ಹೋದ ಮೇಲೆ ಸಂಜೆ ಅಂಗಳದ ಮೂಲೆಯಲ್ಲಿ ಉಳಿಯುತ್ತಿದ್ದುದು ಬಹು ಸ್ವಲ್ಪ. ಈಗ ಅದೇ ಮೂಲೆಯಲ್ಲಿ ನೀರಿನ ಬಾಟಲಿಗಳ ರಾಶಿ, ಐಸ್‌ಕ್ರೀಮಿನ ಕಪ್ಪು, ಬೆಳ್ಳಿಬಣ್ಣದ ಒಳಮೈಯುಳ್ಳ ಕಾಗದದ ತಟ್ಟೆ. ಹಳ್ಳಿಗೆ ಕಾಯಿದೆ ಬೇಕಾದುದು ಈ ಮೂಲೆಗಾಗಿ. ಸ್ವಸಹಾಯ ಸಂಘಗಳ ಹೆಂಗಸರು ತಾವೇ ವಾಹನ ಓಡಿಸುತ್ತ ಮನೆಮನೆಯ ಒಣ ಕಸವನ್ನು ಎತ್ತಿ, ಪಂಚಾಯತಿಯ ಘಟಕದಲ್ಲಿ ಕುಳಿತು ವಿಂಗಡಿಸುವ ವ್ಯವಸ್ಥೆಯು ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಹಬ್ಬುತ್ತಿದೆ; ಉಡುಪಿ ಜಿಲ್ಲೆಯ ವಂಡ್ಸೆಯಂತಹ ಪಂಚಾಯತಿಗಳು ಇದನ್ನು ಸಾಧಿಸಿ ತೋರಿಸಿವೆ, ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣ ಕಸಕ್ಕೆ ಒಂದೇ ಕಡೆ ದೊಡ್ಡ ಘಟಕವು ನಿಂತಿದೆ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಅರ್ಧ ಮೈಲಿಯ ಏರಿಳಿತವಿರುವೆಡೆ ಈ ಕೆಲಸವು ಬಯಲುಸೀಮೆಗಿಂತ ದುಡಿಮೆಯನ್ನೂ ಡೀಸೆಲನ್ನೂ ಹೆಚ್ಚು ಬೇಡುತ್ತದೆ ಎಂಬುದನ್ನು ಅನುದಾನ ಹಂಚುವವರು ಮರೆಯಬಾರದು.

ಅಡಿಕೆ ಸೀಮೆಯವರಾದ ನಾವು ಮುಖ ತಿರುಗಿಸಲಾಗದ ವಸ್ತುಗಳು ಎರಡುಂಟು. ಮೊದಲನೆಯದು ಕೊಟ್ಟೆ. ಕೊಳೆರೋಗದಿಂದ ಕಾಯಿಗಳನ್ನು ಕಾಪಾಡುವುದಕ್ಕಾಗಿ ಮಳೆಗೆ ಮುನ್ನ ಕೊನೆಗಾರನು ಮರವೇರಿ, ಕೊನೆಗಳಿಗೆ ಹುಲ್ಲು ಹಾಳೆಗಳ ಕೊಟ್ಟೆಯನ್ನು ಕಟ್ಟುತ್ತಿದ್ದ ಕಾಲವೊಂದಿದ್ದಿತು; ಹಳತಾದ ಕೊಟ್ಟೆಯು ಬಿದ್ದಲ್ಲಿಯೇ ಮಣ್ಣಾಗುತ್ತಿದ್ದಿತು. ತರುವಾಯ ಪ್ಲಾಸ್ಟಿಕ್ಕಿನ ಕೊಟ್ಟೆ ಬಂದು ಶ್ರಮವು ಹಗುರಾಯಿತು, ಬೆಳೆಯೂ ಉಳಿಯಿತು. ಮಳೆ ಮುಗಿದ ಮೇಲೆ ಹರಿದ ಕೊಟ್ಟೆಗಳ ಚೂರುಗಳು ತೋಟದ ಕಾಲುವೆಯಲ್ಲಿ ಸಿಕ್ಕಿ, ಗುದ್ದಲಿಗೆ ಸುತ್ತಿಕೊಂಡು, ಮರದ ಬುಡದ ಗೊಬ್ಬರದೊಳಗೆ ಸೇರಿಹೋಗುತ್ತವೆ. ಕೈಚೀಲವನ್ನು ಕಂಡು ದಂಡ ಹಾಕುವ ಶಾಸನಕ್ಕೆ ಇದು ಕಾಣಿಸುವುದಿಲ್ಲ. ಏತಕ್ಕೆಂದರೆ ಇದು ಅಂಗಡಿಯ ಚೀಲವಲ್ಲ, ಕೃಷಿಯ ಸಾಧನ. ಕೊನೆ ಇಳಿಸುವ ದಿನವೇ ಕೊಟ್ಟೆಗಳನ್ನು ಒಟ್ಟುಮಾಡಿ, ತೊಳೆದು, ಒಣಗಿಸಿ ಘಟಕಕ್ಕೆ ಕೊಡುವ ಕಟ್ಟುಪಾಡನ್ನು, ಸರ್ಕಾರವು ಹೇಳುವ ಮೊದಲೇ ನಮ್ಮ ಪಂಚಾಯತಿಗಳೂ ಸಹಕಾರ ಸಂಘಗಳೂ ತಾವೇ ಮಾಡಿಕೊಳ್ಳಬಹುದು. ತೋಟಿಗನು ತನ್ನ ಫಸಲನ್ನು ಒಯ್ಯುವ ಸಂಘದ ಅಂಗಳದಲ್ಲಿಯೇ ಅದನ್ನು ಪಡೆದುಕೊಳ್ಳುವ ಏರ್ಪಾಡಾದರೆ ಬೇರೆ ಗಾಡಿಯೂ ಬೇಡ.

ಎರಡನೆಯದು ನಮ್ಮ ಅಡಿಕೆಯನ್ನೇ ಹೊತ್ತು ಮರಳಿ ಬರುವ ಪ್ಯಾಕೆಟ್ಟು. ಗುಟ್ಕಾ, ಪಾನ್ ಮಸಾಲೆ, ತಂಬಾಕುಗಳನ್ನು ಪ್ಲಾಸ್ಟಿಕ್ಕಿನ ಪುಟ್ಟ ಪ್ಯಾಕೆಟ್ಟಿನಲ್ಲಿ ಮಾರಕೂಡದೆಂದು ಸುಪ್ರೀಂ ಕೋರ್ಟು 2010ರ ಡಿಸೆಂಬರಿನಲ್ಲಿ ಆದೇಶಿಸಿ, 2011ರ ಮಾರ್ಚ್ 1ರಿಂದ ಅದು ಜಾರಿಗೆ ಬರಬೇಕೆಂದಾಗ, ಅಡಿಕೆಯ ಧಾರಣೆ ಏನಾದೀತೋ ಎಂದು ನಮ್ಮ ಸೀಮೆಯೆಲ್ಲ ಕಳವಳಗೊಂಡುದನ್ನು ಬಲ್ಲವರು ಬಲ್ಲರು. 2011ರ ಫೆಬ್ರವರಿಯಲ್ಲಿ ಬಂದ ನಿಯಮಗಳಲ್ಲಿಯೂ ಆ ನಿಷೇಧವು ಸೇರಿತು. 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕವು ಗುಟ್ಕಾವನ್ನೇ ನಿಷೇಧಿಸಿತು. ವ್ಯಾಪಾರವು ದಾರಿಯನ್ನು ಕಂಡುಕೊಂಡಿತು: ಪಾನ್ ಮಸಾಲೆಯೊಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು, ಹಿಂದೆ ಒಂದು ಬೀಳುತ್ತಿದ್ದ ರಸ್ತೆಯಂಚಿನಲ್ಲಿ ಈಗ ಎರಡು.

ಕಾಗದ, ಲೋಹ, ಪ್ಲಾಸ್ಟಿಕ್ಕುಗಳ ತೆಳುಪೊರೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಇಂತಹ ಪ್ಯಾಕೆಟ್ಟನ್ನು ಬಿಡಿಸಿ ಕರಗಿಸುವುದು ಗುಜರಿಯವನಿಂದ ಆಗದ ಕೆಲಸ. ಆದುದರಿಂದ ಅದಕ್ಕೆ ಬೆಲೆಯಿಲ್ಲ, ಬೆಲೆಯಿಲ್ಲದುದರಿಂದ ಆಯುವವರಿಲ್ಲ. 2016ರ ಮಾರ್ಚಿನ ಕೇಂದ್ರ ನಿಯಮಗಳು ಇದನ್ನು ಅರಿತು, ಮರುಬಳಕೆಗೆ ಬಾರದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಹೇಳಿದ್ದವು. ಆ ಎರಡು ವರ್ಷಗಳು ತುಂಬಿದ ಮಾರ್ಚಿನಲ್ಲಿಯೇ, 2018ರ 27ನೆಯ ತಾರೀಕು, ತಿದ್ದುಪಡಿಯೊಂದು ಬಂದು, ಮರುಬಳಕೆಗೂ ಬಾರದ, ಉರಿಸಿ ಶಕ್ತಿ ಪಡೆಯಲೂ ಬಾರದ, ಮತ್ತಾವ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ಕಿಗೆ ಮಾತ್ರ ಆ ವಿಧಿಯು ಸೀಮಿತವಾಯಿತು. ಉರಿಸಲು ಬಾರದ ಪ್ಯಾಕೆಟ್ಟು ಲೋಕದಲ್ಲಿ ಯಾವುದಿದೆ? 2022ರ ಜುಲೈ 1ರಿಂದ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಬಾವುಟಗಳು ದೇಶದಾದ್ಯಂತ ನಿಷಿದ್ಧವಾದವು. ಕೈಚೀಲದ ದಪ್ಪವು ಅದೇ ವರ್ಷದ ಕೊನೆಗೆ 120 ಮೈಕ್ರಾನಿಗೆ ಏರಿತು. ಪ್ಯಾಕೆಟ್ಟು ಮಾತ್ರ ಉಳಿಯಿತು. ಒಂದು ಚಮಚಕ್ಕಾಗಿ ಅಂಗಡಿಯವನಿಗೆ ದಂಡ ಹಾಕಬಲ್ಲ ಶಾಸನವು, ಕೋಟ್ಯಂತರ ಪ್ಯಾಕೆಟ್ಟುಗಳನ್ನು ಅಚ್ಚುಹಾಕುವವನ ಮುಂದೆ ಮಾತನ್ನು ಮೃದುಗೊಳಿಸಿಕೊಂಡುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ತಯಾರಕನೇ ತನ್ನ ಪ್ಯಾಕೆಟ್ಟಿಗೆ ಹೊಣೆಗಾರನೆಂಬ ತತ್ತ್ವವು ಕಾಗದದಲ್ಲಿ ಇಲ್ಲದಿಲ್ಲ. 2022ರ ಫೆಬ್ರವರಿ 16ರ ಮಾರ್ಗಸೂಚಿಗಳು ಗಡಸು, ಮೆದು, ಬಹುಪದರ ಎಂಬುದಾಗಿ ಪ್ಲಾಸ್ಟಿಕ್ಕನ್ನು ವರ್ಗೀಕರಿಸಿ, ಪ್ರತಿಯೊಂದು ಕಂಪನಿಯೂ ತಾನು ಮಾರುಕಟ್ಟೆಗೆ ಬಿಟ್ಟಷ್ಟರ ಗೊತ್ತಾದ ಪಾಲನ್ನು ಮರಳಿ ಸಂಗ್ರಹಿಸಿ ಲೆಕ್ಕ ಒಪ್ಪಿಸಬೇಕೆಂದಿವೆ. ಆದರೆ ಆ ಲೆಕ್ಕವು ದೊಡ್ಡ ನಗರದ ಗೋದಾಮಿನಲ್ಲಿ ಸುಲಭವಾಗಿ ತುಂಬಬಹುದಾದುದು. ಉಮ್ಮಚಗಿಯಂತಹ ಊರಿನಿಂದ ಒಂದು ಚೀಲ ಪ್ಯಾಕೆಟ್ಟನ್ನು ಘಟ್ಟದ ರಸ್ತೆಯಲ್ಲಿ ಸಾಗಿಸುವ ಖರ್ಚನ್ನು ಯಾವ ಕಂಪನಿಯೂ ತಾನಾಗಿ ಹೊರಲು ಮುಂದೆ ಬರಲಾರದು. ಆದಕಾರಣ ಈ ಲೆಕ್ಕದಲ್ಲಿ ಗ್ರಾಮ ಪಂಚಾಯತಿಗಳ ಪಾಲನ್ನು ಪ್ರತ್ಯೇಕವಾಗಿ ಗೊತ್ತುಪಡಿಸಬೇಕು. ಹಳ್ಳಿಯ ಘಟಕದಲ್ಲಿ ವಿಂಗಡಿಸಿಟ್ಟ ಬಹುಪದರದ ಪ್ಲಾಸ್ಟಿಕ್ಕಿಗೆ ಕಿಲೋ ಒಂದಕ್ಕೆ ಇಷ್ಟೆಂದು ಕಂಪನಿಗಳಿಂದ ಹಣ ಬಂದು, ಅದು ವಿಂಗಡಿಸಿದ ಹೆಂಗಸರ ಕೂಲಿಗೂ ವಾಹನದ ಡೀಸೆಲಿಗೂ ಸೇರಬೇಕು. ಮನೆಯವರು ತಮ್ಮ ಪಾಲಿನ ಕೆಲಸವನ್ನು ಮಾಡತೊಡಗಿದ್ದಾರೆ, ಪಂಚಾಯತಿಯು ತನ್ನದನ್ನು ಕಲಿಯುತ್ತಿದೆ. ಮೂರನೆಯವನ ಪಾಲನ್ನು ವಸೂಲು ಮಾಡುವ ಅಧಿಕಾರವಿರುವುದು ಸರ್ಕಾರಕ್ಕೆ ಮಾತ್ರ.